ನಿಲ್ಲಿಸಿದ ಪುಟದಿಂದ ಮುಂದಕ್ಕೆ



ನಿಮ್ಮ ಮನೆಯಲ್ಲಿ ಪವಿತ್ರ ಗ್ರಂಥ ಎಲ್ಲಿದೆ? ದೇವರ ಪಟದ ಕೆಳಗಿನ ಹಲಗೆಯ ಮೇಲೆಯೋ, ಬೀರುವಿನ ಒಳಗೋ? ಒಮ್ಮೆ ಎದ್ದು ಹೋಗಿ ಅದನ್ನು ತೆರೆದು ನೋಡಿ. ಗುರುತಿಗೆಂದು ಒಳಗೆ ಏನನ್ನು ಇಟ್ಟಿದ್ದೀರಿ? ಹಳೆಯ ಬಸ್ ಟಿಕೆಟ್ಟೋ, ಯಾರದೋ ಮದುವೆಯ ಆಮಂತ್ರಣವೋ, ಅಗಲಿದ ಬಂಧುವಿನ ನೆನಪಿನ ಚೀಟಿಯೋ? ಅದು ಯಾವ ಪುಟದಲ್ಲಿದೆ? ಎಷ್ಟು ಕಾಲದಿಂದ ಆ ಪುಟದಲ್ಲೇ ಇದೆ?

ಮಕ್ಕಳು ಬುಕ್‌ಮಾರ್ಕ್ ಎಂದು ಕರೆಯುವ ಈ ಪುಟಗುರುತಿನ ಬಗ್ಗೆ, ಅದರಲ್ಲೂ ಹೊಲಿಗೆಯಲ್ಲಿ ಉಳಿದ ಚಿಂದಿ ಬಟ್ಟೆಯಿಂದ ಮಾಡುವ ಪುಟಗುರುತಿನ ಬಗ್ಗೆ, ಈ ವಾರ ನಿಮ್ಮೊಡನೆ ಎರಡು ಮಾತು ಹಂಚಿಕೊಳ್ಳಲು ಇಚ್ಛಿಸುತ್ತೇನೆ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಜಾಗವೇ ಎಂದು ನೀವು ಕೇಳಬಹುದು. ನಾನೂ ಹಿಂದೆ ಹಾಗೆಯೇ ಎಣಿಸಿದ್ದೆ. ಆ ಎಣಿಕೆಯನ್ನು ತಿದ್ದಿದವರು ನಮ್ಮ ಧರ್ಮಕೇಂದ್ರದ ಒಬ್ಬ ತಾಯಿ.

ಅದು ಕಕ್ಕಡ ತಿಂಗಳು. ಕೊಡಗಿನ ಮಳೆ ನಿಮಗೆ ಗೊತ್ತೇ ಇದೆ. ಒಲೆಯ ಮೇಲಿನ ಹಗ್ಗದಲ್ಲಿ ಹಾಕಿದ ಬಟ್ಟೆ ಕೂಡ ಮೂರು ದಿನವಾದರೂ ಒಣಗುವುದಿಲ್ಲ. ಗೋಡೆಗೆ ಬೂಷ್ಟು ಹಿಡಿಯುತ್ತದೆ, ಪುಸ್ತಕದ ಹಾಳೆಗಳು ತೇವಕ್ಕೆ ಮೆತ್ತಗಾಗುತ್ತವೆ. ಅಂಥ ಒಂದು ಸಂಜೆ ಮನೆಭೇಟಿಗೆಂದು ಹೊರಟವನು ಆ ತಾಯಿಯ ಮನೆಗೆ ಹೋದೆ. ಆಕೆ ಹೊಲಿಗೆಯವರು. ರವಿಕೆ, ಶಾಲೆಯ ಸಮವಸ್ತ್ರ, ಮದುವೆಯ ಕಾಲದಲ್ಲಿ ಕುಪ್ಯವನ್ನೂ ಹೊಲಿದು ಕೊಡುತ್ತಾರೆ. ಅವರ ಪತಿ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಅವರು ತೀರಿಕೊಂಡು ಮೂರು ಮಳೆಗಾಲ ಕಳೆದಿದ್ದವು.

ಕಾಫಿ ಕುಡಿದ ಮೇಲೆ, "ಅಮ್ಮ, ಸ್ವಲ್ಪ ವಾಕ್ಯ ಓದಿ ಪ್ರಾರ್ಥನೆ ಮಾಡೋಣ, ಬೈಬಲ್ ಕೊಡಿ" ಎಂದೆ. ತೇವ ತಾಗದಿರಲೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟಿದ್ದ ಗ್ರಂಥವನ್ನು ಆಕೆ ತಂದುಕೊಟ್ಟರು. ಒಳಗಿನಿಂದ ಒಂದು ಬಟ್ಟೆಯ ಪಟ್ಟಿ ಹೊರಗೆ ಇಣುಕುತ್ತಿತ್ತು. ಯಾವುದೋ ನೀಲಿ ಚೌಕಳಿ ಲುಂಗಿಯ ಅಂಚನ್ನು ಕೈಯಿಂದ ಹರಿದದ್ದು. ಮಡಚಿಲ್ಲ, ಹೊಲಿದಿಲ್ಲ, ಎರಡೂ ಕಡೆ ನೂಲು ನೇತಾಡುತ್ತಿತ್ತು. ನನಗೆ ನಗು ಬಂತು. "ಏನಮ್ಮ, ಟೈಲರ್ ಮನೆಯ ಬೈಬಲಿನಲ್ಲಿ ಇಂಥ ಚಿಂದಿಯೇ?" ಎಂದು ಹಾಸ್ಯ ಮಾಡುತ್ತಾ ಅದನ್ನು ಎಳೆದು ಮೇಜಿನ ಮೇಲಿಟ್ಟೆ. ಆ ದಿನದ ಶುಭಸಂದೇಶವನ್ನು ಓದಿದೆ, ಪ್ರಾರ್ಥಿಸಿದೆ, ಪಟ್ಟಿಯನ್ನು ನಾನು ಓದಿದ ಕಡೆಗೆ ಸಿಕ್ಕಿಸಿ ಗ್ರಂಥವನ್ನು ಮುಚ್ಚಿದೆ. ತಲೆಯೆತ್ತಿದಾಗಲೇ ಆಕೆಯ ಮುಖ ನನಗೆ ಕಂಡದ್ದು.

"ಫಾದರ್, ಅದು ಅವರು ಇಟ್ಟ ಗುರುತು" ಎಂದರು ಆ ತಾಯಿ ಮೆಲ್ಲಗೆ. "ಜಪಸರ ಮುಗಿದ ಮೇಲೆ ದಿನಾ ಅರ್ಧ ಪುಟ ಅವರೇ ಓದುತ್ತಿದ್ದರು. ಕೊನೆಯ ರಾತ್ರಿ ಇಟ್ಟದ್ದು ಅದು. ನಾನು ಮುಟ್ಟಿರಲಿಲ್ಲ."

ಸೆಮಿನರಿಯಲ್ಲಿ ತತ್ವಶಾಸ್ತ್ರವನ್ನೂ ದೈವಶಾಸ್ತ್ರವನ್ನೂ ವರ್ಷಗಟ್ಟಲೆ ಓದಿದ ನನಗೆ ಆಗ ಒಂದು ಮಾತೂ ಹೊಳೆಯಲಿಲ್ಲ. ನಾನು ಪುಟದ ಸಂಖ್ಯೆಯನ್ನು ನೋಡಿರಲಿಲ್ಲ, ಆಕೆಗೂ ಅದು ನೆನಪಿರಲಿಲ್ಲ. ಮೂರು ವರ್ಷ ಆಕೆ ಜೋಪಾನ ಮಾಡಿದ್ದನ್ನು ಅರೆಕ್ಷಣದಲ್ಲಿ ನಾನು ಕಳೆದುಬಿಟ್ಟಿದ್ದೆ. "ಕ್ಷಮಿಸಿ ಅಮ್ಮ" ಎಂದೆ. ಬೇರೇನು ಹೇಳಲಿ?

ಸ್ವಲ್ಪ ಹೊತ್ತಿನ ಮೇಲೆ ಆಕೆಯೇ ಎದ್ದರು. "ಲುಂಗಿ ಬಟ್ಟೆ ಬಣ್ಣ ಬಿಡುತ್ತೆ ಫಾದರ್. ಈ ತೇವಕ್ಕೆ ಹಾಳೆಗೆ ಹಿಡಿದಿದ್ದರೂ ಹಿಡಿದಿರಬಹುದು" ಎಂದು ಟಾರ್ಚ್ ತಂದರು. ಒಂದೊಂದೇ ಹಾಳೆಯನ್ನು ಓರೆಯಾಗಿ ಹಿಡಿದು ನೋಡಿದೆವು. ಕೊನೆಗೆ ಪ್ರೇಷಿತರ ಕಾರ್ಯಕಲಾಪಗಳ ಒಂಬತ್ತನೆಯ ಅಧ್ಯಾಯದ ಪುಟದಲ್ಲಿ, ಮೇಲಿನಿಂದ ಕೆಳಗಿನವರೆಗೆ, ಮಾಸಲು ನೀಲಿಯ ಒಂದು ಗೆರೆ ಕಂಡಿತು. ಆ ಪಟ್ಟಿ ಅಲ್ಲಿ ತನ್ನ ಬಣ್ಣವನ್ನು ಬಿಟ್ಟುಹೋಗಿತ್ತು.

"ಹೌದು, ಇದೇ. ಎಂಟು ವರ್ಷ ಹಾಸಿಗೆ ಹಿಡಿದಿದ್ದವನನ್ನು ಪೇತ್ರರು ಎಬ್ಬಿಸಿದ ಕಥೆ. ಅಷ್ಟಕ್ಕೆ ನಿಲ್ಲಿಸಿದ್ದರು" ಎಂದರು.

"ಮುಂದೆ ಓದೋಣವೇ?" ಎಂದು ಕೇಳಿದೆ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ನಾನೇ ಓದುತ್ತೇನೆ" ಎಂದರು.

ಮುಂದಿನ ವಾಕ್ಯಗಳು ಏನು ಹೇಳುತ್ತವೆ ಎಂದು ನಿಮಗೆ ನೆನಪಿರಬಹುದು. ಜೊಪ್ಪ ಎಂಬ ಊರಿನಲ್ಲಿ ತಬಿಥಾ ಎಂಬ ಶಿಷ್ಯೆ ಇದ್ದಳು. ಗ್ರೀಕ್ ಭಾಷೆಯಲ್ಲಿ ಆಕೆಯ ಹೆಸರು ದೊರ್ಕಾ. ಬಡವರಿಗೆ ಆಸರೆಯಾಗಿದ್ದ ಆಕೆ ಕಾಯಿಲೆ ಬಿದ್ದು ಸತ್ತಳು. ಪೇತ್ರರು ಬಂದಾಗ ವಿಧವೆಯರೆಲ್ಲ ಅಳುತ್ತಾ, ಆಕೆ ಬದುಕಿದ್ದಾಗ ತಮಗಾಗಿ ಮಾಡಿಕೊಟ್ಟ ಅಂಗಿಗಳನ್ನೂ ಹೊದಿಕೆಗಳನ್ನೂ ಎತ್ತಿ ತೋರಿಸಿದರು. ಇಷ್ಟು ಓದಿದ ಆ ತಾಯಿ ನಿಲ್ಲಿಸಿ, "ಈ ಅಮ್ಮನೂ ಹೊಲಿಯುತ್ತಿದ್ದರಾ ಫಾದರ್?" ಎಂದು ಕೇಳಿದರು. ಪಾಸ್ಖ ಕಾಲದ ಬಲಿಪೂಜೆಯಲ್ಲಿ ಎಷ್ಟೋ ಸಲ ಕೇಳಿದ ವಾಚನ ಅದು. ಆ ಸಂಜೆ ಅದು ಅವರ ಮನೆಯ ಮಾತಾಯಿತು. ಪೇತ್ರರು ತಬಿಥಾಳ ಕೈಹಿಡಿದು ಎಬ್ಬಿಸುವವರೆಗೂ ಓದಿದರು. ನಂತರ ನೀಲಿ ಪಟ್ಟಿಯನ್ನು ತಾವೇ ಹೊಸ ಜಾಗದಲ್ಲಿ ಇಟ್ಟು, "ನಾಳೆ ಇಲ್ಲಿಂದ" ಎಂದರು.

ಪ್ರಿಯರೇ, ಅಂದು ರಾತ್ರಿ ಮಳೆಯಲ್ಲಿ ಗುರುಮನೆಗೆ ಹಿಂದಿರುಗುವಾಗ ನನಗೆ ಸಂತ ಅಗಸ್ಟೀನರ ನೆನಪಾಯಿತು. ಕ್ರಿ.ಶ. 386ರಲ್ಲಿ ಮಿಲಾನ್ ನಗರದ ಒಂದು ತೋಟದಲ್ಲಿ ನಡೆದ ಅವರ ಮನಪರಿವರ್ತನೆಯ ಕಥೆಯನ್ನು ನೀವು ಕೇಳಿದ್ದೀರಿ. ಎತ್ತಿಕೊಂಡು ಓದು ಎಂಬ ಮಗುವಿನ ದನಿ ಅವರ ಕಿವಿಗೆ ಬಿತ್ತು. ಅವರು ಸಂತ ಪೌಲರ ಪತ್ರಗಳನ್ನು ತೆರೆದು, ಕಣ್ಣಿಗೆ ಬಿದ್ದ ಮೊದಲ ಭಾಗವನ್ನು ಓದಿದರು. ಅವರ ಬಾಳು ತಿರುಗಿತು. ಪ್ರಸಂಗ ಮಾಡುವ ನಾವು ಕಥೆಯನ್ನು ಸಾಮಾನ್ಯವಾಗಿ ಇಷ್ಟಕ್ಕೇ ನಿಲ್ಲಿಸುತ್ತೇವೆ. ಅಗಸ್ಟೀನರು ನಿಲ್ಲಿಸಿಲ್ಲ. ತಾವು ಓದಿದ ಜಾಗದಲ್ಲಿ ಬೆರಳನ್ನೋ ಬೇರೆ ಏನನ್ನೋ ಗುರುತಿಗಿಟ್ಟು ಪುಸ್ತಕವನ್ನು ಮುಚ್ಚಿದರಂತೆ. ಜೊತೆಯಲ್ಲಿದ್ದ ಗೆಳೆಯ ಅಲಿಪಿಯಸ್ ಆ ಜಾಗವನ್ನು ತೋರಿಸೆಂದು ಕೇಳಿ, ಗೆಳೆಯ ನಿಲ್ಲಿಸಿದ ಕಡೆಯಿಂದ ಮುಂದಿನ ವಾಕ್ಯವನ್ನು ಓದಿದರಂತೆ. ವಿಶ್ವಾಸದಲ್ಲಿ ದುರ್ಬಲನಾದವನನ್ನು ಸೇರಿಸಿಕೊಳ್ಳಿರಿ ಎಂಬ ಅರ್ಥದ ಆ ಮಾತು ತನಗೇ ಬರೆದದ್ದೆಂದು ಅಲಿಪಿಯಸ್ ತಿಳಿದರು. ಹೀಗೆ ಒಬ್ಬರು ಇಟ್ಟ ಗುರುತಿನಿಂದ ಇನ್ನೊಬ್ಬರು ಮುಂದಕ್ಕೆ ಓದಿದರು. ಒಂದೇ ದಿನ ಇಬ್ಬರೂ ಪ್ರಭುವಿನವರಾದರು.

ನಮ್ಮ ವಿಶ್ವಾಸ ಮನೆಯಲ್ಲಿ ಸಾಗುವ ಬಗೆಯೇ ಇದು. ಅಜ್ಜಿ ನಿಲ್ಲಿಸಿದ ಕಡೆಯಿಂದ ತಾಯಿ, ತಾಯಿ ನಿಲ್ಲಿಸಿದ ಕಡೆಯಿಂದ ಮಗಳು. ಗಂಡ ಅರ್ಧಕ್ಕೆ ಬಿಟ್ಟುಹೋದ ಪುಟದಿಂದ ಹೆಂಡತಿ. ಅಗಲಿದವರ ಗುರುತನ್ನು ಮುಟ್ಟದೆ ಕಾಯುವುದರಲ್ಲಿ ಪ್ರೀತಿಯಿದೆ. ಅದನ್ನು ಯಾರೂ ಹಾಸ್ಯ ಮಾಡಬಾರದು. ಆ ಪಾಠವನ್ನು ನಾನು ನಾಚಿಕೆಯಿಂದಲೇ ಕಲಿತೆ. ಆದರೆ ಅವರು ಆ ಗುರುತನ್ನು ಇಟ್ಟದ್ದು ಮರುದಿನ ಮುಂದೆ ಓದಬೇಕೆಂಬ ಆಸೆಯಿಂದ. ಅವರ ಆಸೆಯನ್ನು ನಡೆಸುವುದೂ ಪ್ರೀತಿಯೇ. ಸಮಾಧಿಯ ಬಳಿ ಅಳುತ್ತಾ ನಿಂತಿದ್ದ ಮಗ್ದಲದ ಮರಿಯಳನ್ನು ಪ್ರಭು ಯೇಸು ಗದರಿಸಲಿಲ್ಲ. ಹೆಸರು ಹಿಡಿದು ಕರೆದರು, ನಂತರ ಸಹೋದರರ ಬಳಿಗೆ ಕಳುಹಿಸಿದರು. ಕಣ್ಣೀರಿನ ಪುಟದಲ್ಲಿ ನಿಂತವರ ಪಕ್ಕದಲ್ಲಿ ಅವರೂ ನಿಲ್ಲುತ್ತಾರೆ. ಆದರೆ ನಮ್ಮನ್ನು ಅಲ್ಲಿಯೇ ಬಿಟ್ಟುಹೋಗುವುದಿಲ್ಲ.

ಇನ್ನು ಚಿಂದಿಯ ಮಾತಿಗೆ ಬರೋಣ. ಆ ಸಂಜೆಯ ನಂತರ ಆ ತಾಯಿ ತಮ್ಮ ಹೊಲಿಗೆ ಯಂತ್ರದ ಕೆಳಗಿನ ರಟ್ಟಿನ ಪೆಟ್ಟಿಗೆಯನ್ನು ಹೊರಗೆ ತೆಗೆದರು. ರವಿಕೆಯ ತುಂಡು, ಲೈನಿಂಗ್ ಬಟ್ಟೆ, ಸಮವಸ್ತ್ರದ ಚೂರು, ಕುಪ್ಯದ ಕರಿ ಬಟ್ಟೆ, ಹಳೆಯ ಸೀರೆಯ ಜರಿ ಅಂಚು ಎಲ್ಲವೂ ಅದರಲ್ಲಿದ್ದವು. ಒಲೆ ಹೊತ್ತಿಸಲಿಕ್ಕೋ ಕೈ ಒರೆಸಲಿಕ್ಕೋ ಹೋಗುತ್ತಿದ್ದ ಆ ತುಂಡುಗಳಿಂದ ಪುಟಗುರುತುಗಳನ್ನು ಮಾಡತೊಡಗಿದರು. ಭಾನುವಾರ ಧರ್ಮೋಪದೇಶದ ತರಗತಿಯ ಮಕ್ಕಳಿಗೂ ಕಲಿಸಿದರು.

ಪ್ರಭು ಯೇಸು ಐದು ರೊಟ್ಟಿಗಳಿಂದ ಐದು ಸಾವಿರ ಜನರನ್ನು ತೃಪ್ತಿಪಡಿಸಿದ ಮೇಲೆ ಏನು ಮಾಡಿದರು? ಉಳಿದ ತುಂಡುಗಳನ್ನು ಒಟ್ಟುಗೂಡಿಸಿರಿ, ಯಾವುದೂ ಹಾಳಾಗಬಾರದು ಎಂದು ಶಿಷ್ಯರಿಗೆ ಹೇಳಿದರು. ಸಂತ ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ ಇದಿದೆ. ರೊಟ್ಟಿಯನ್ನು ಹೆಚ್ಚಿಸಬಲ್ಲವರಿಗೆ ತುಂಡುಗಳ ಚಿಂತೆ ಏಕೆ? ಒಂದು ತುಂಡನ್ನೂ ಕೈಬಿಡದಿರುವುದು ಅವರ ಸ್ವಭಾವ. ರೊಟ್ಟಿಯ ತುಂಡಿನ ವಿಷಯದಲ್ಲೇ ಹೀಗಾದರೆ, ಮನುಷ್ಯರ ವಿಷಯದಲ್ಲಿ ಹೇಳಬೇಕೇ?

ಕೊಡಗಿನ ಕಥೋಲಿಕರಾದ ನಮಗೆ ಇದು ಬೇಗನೆ ಅರ್ಥವಾಗಬೇಕು. 1784ರಲ್ಲಿ ಕರಾವಳಿಯ ಕ್ರೈಸ್ತರು ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಅಲ್ಲಿಂದ ತಪ್ಪಿಸಿಕೊಂಡು ಬಂದ ಕೆಲವು ಕುಟುಂಬಗಳಿಗೆ ಅರಸ ದೊಡ್ಡ ವೀರರಾಜೇಂದ್ರರು ಕೊಡಗಿನಲ್ಲಿ ನೆಲೆ ಕೊಟ್ಟರು. ವಿರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರಲ್ಲಿ ಆದದ್ದು ಹೀಗೆ. ದೊಡ್ಡ ಬಟ್ಟೆಯಿಂದ ಹರಿದು ಬಂದ ತುಂಡುಗಳನ್ನು ದೇವರು ಈ ಬೆಟ್ಟಗಳ ನಡುವೆ ಒಟ್ಟುಗೂಡಿಸಿದರು. ಆಮೇಲೆ ಕಾಫಿ ತೋಟಗಳ ಕೆಲಸಕ್ಕೆಂದು ತಮಿಳಿನವರು ಬಂದರು, ಮಲಯಾಳದವರು ಬಂದರು. ಇಂದು ಒಂದೇ ಪೀಠದ ಮುಂದೆ ಕೊಂಕಣಿ, ಕನ್ನಡ, ತಮಿಳು, ಮಲಯಾಳಂ ಮಾತನಾಡುವ ನಾವು ಮೊಣಕಾಲೂರುತ್ತೇವೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಕುಸಿದು ಎಷ್ಟೋ ಕುಟುಂಬಗಳು ಉಟ್ಟ ಬಟ್ಟೆಯಲ್ಲಿ ಹೊರಬಂದಾಗಲೂ, ಜಾತಿ ಮತ ಕೇಳದೆ ಒಬ್ಬರನ್ನೊಬ್ಬರು ಕೂಡಿಸಿಕೊಂಡೆವಲ್ಲವೇ?

ನಮ್ಮ ರಾಜ್ಯದ ಇನ್ನೊಂದು ಮೂಲೆಯಲ್ಲಿ, ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರದ ಕಡೆ, ಸಿದ್ದಿ ಜನಾಂಗದ ತಾಯಂದಿರು ಹಳೆಯ ಬಟ್ಟೆಯ ತುಂಡುಗಳಿಂದ ಕವಂಡಿ ಎಂಬ ಹೊದಿಕೆಯನ್ನು ಹೊಲಿಯುತ್ತಾರೆ. ಅವರಲ್ಲಿ ಅನೇಕರು ನಮ್ಮ ಕಥೋಲಿಕ ಸಹೋದರಿಯರು. ಕೆಲವರು ತುಂಡುಗಳ ನಡುವೆ ಶಿಲುಬೆಯ ಆಕಾರವನ್ನೂ ಕೂಡಿಸುತ್ತಾರೆ. ಅಂಚಿನಿಂದ ಹೊಲಿಗೆ ಆರಂಭಿಸಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗಳಿಗೆ ಮಡಚಿದ ಚಿಕ್ಕ ಬಟ್ಟೆಗಳ ಹೂವನ್ನು ಇಡುತ್ತಾರೆ. ಆ ಹೂವಿಲ್ಲದಿದ್ದರೆ ಕವಂಡಿ ಪೂರ್ಣವಾಗಲಿಲ್ಲ ಎಂದೇ ಲೆಕ್ಕ. ಎಲ್ಲಕ್ಕಿಂತ ಚಿಕ್ಕ ತುಂಡಿಗೆ ಕೊನೆಯ ಗೌರವ!

ಚಿಂದಿಯನ್ನೂ ಓದನ್ನೂ ಒಟ್ಟಿಗೆ ಹಿಡಿದಿರುವ ಒಬ್ಬ ಸಂತರೂ ನಮಗಿದ್ದಾರೆ. ಅವರು ನಮ್ಮ ವಿರಾಜಪೇಟೆಯ ಪಾಲಕರಾದ ಸಂತ ಅನ್ನಮ್ಮನವರೇ. ಧರ್ಮಸಭೆಯ ಪರಂಪರೆಯಲ್ಲಿ ಅವರು ಹೊಲಿಗೆಯ ಹೆಂಗಸರ ಪಾಲಕಿ. ಚಿತ್ರಗಳಲ್ಲಿ ಅವರು ಬಾಲೆ ಮರಿಯಮ್ಮನಿಗೆ ಪುಸ್ತಕ ಹಿಡಿದು ಓದು ಕಲಿಸುತ್ತಿರುವುದನ್ನು ನೀವು ನೋಡಿರಬಹುದು. ಜುಲೈ 26ರಂದು ಅವರ ಮತ್ತು ಸಂತ ಜೋಕಿಮರ ಹಬ್ಬ. ಅದರ ಸಮೀಪದ ಭಾನುವಾರವನ್ನು ಅಜ್ಜ ಅಜ್ಜಿಯರ ಮತ್ತು ವೃದ್ಧರ ದಿನವನ್ನಾಗಿ ಪೋಪ್ ಫ್ರಾನ್ಸಿಸರು 2021ರಲ್ಲಿ ಆರಂಭಿಸಿದರು. ಅಜ್ಜಿಯ ಹಳೆಯ ಸೀರೆಯ ಅಂಚಿನಿಂದ ಮೊಮ್ಮಗು ಒಂದು ಪುಟಗುರುತು ಮಾಡಲು ಇದಕ್ಕಿಂತ ತಕ್ಕ ದಿನ ಯಾವುದು?

ಮಾಡುವ ಬಗೆ ಸುಲಭ. ನಮ್ಮ ಆ ತಾಯಿ ಮಕ್ಕಳಿಗೆ ಕಲಿಸಿದಂತೆಯೇ ಹೇಳುತ್ತೇನೆ. ಎರಡು ಅಂಗುಲ ಅಗಲ, ಏಳು ಅಂಗುಲ ಉದ್ದದ ಎರಡು ತುಂಡುಗಳನ್ನು ಕತ್ತರಿಸಿಕೊಳ್ಳಿ. ಮೊದಲು ಬಣ್ಣ ಪರೀಕ್ಷಿಸಿ; ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಉಜ್ಜಿದಾಗ ಬಣ್ಣ ಹತ್ತಿದರೆ ಆ ತುಂಡು ಬೇಡ. ನಮ್ಮ ಮಳೆಗಾಲದಲ್ಲಿ ಅದು ಬೈಬಲಿನ ತೆಳು ಹಾಳೆಗೆ ಹಿಡಿಯುತ್ತದೆ. (ಒಂದು ಮನೆಯಲ್ಲಿ ಹಾಗೆ ಹಿಡಿದದ್ದೇ ದೇವರ ಕೃಪೆಯಾಯಿತು, ಆದರೆ ಪ್ರತಿಸಲವೂ ಹಾಗಾಗದು.) ಒಂದು ತುಂಡಿನ ಒಳಮೈಗೆ, ಅಂಗಿಯ ಕಾಲರಿಗೆ ಬಳಸುವ, ಇಸ್ತ್ರಿ ಹಾಕಿದರೆ ಅಂಟುವ ಕ್ಯಾನ್ವಾಸನ್ನು ಸುತ್ತಲೂ ಕಾಲು ಅಂಗುಲ ಚಿಕ್ಕದಾಗಿ ಕತ್ತರಿಸಿ ಅಂಟಿಸಿ. ಎರಡೂ ತುಂಡುಗಳ ಒಳ್ಳೆಯ ಮೈಗಳನ್ನು ಎದುರುಬದುರಾಗಿ ಇಟ್ಟು ಮೂರು ಬದಿ ಹೊಲಿಯಿರಿ. ಮೂಲೆಗಳನ್ನು ಸ್ವಲ್ಪ ಕತ್ತರಿಸಿ ಚೀಲದಂತೆ ಹೊರಳಿಸಿ, ಮೊಂಡು ಪೆನ್ಸಿಲಿನಿಂದ ಮೂಲೆಗಳನ್ನು ಹೊರದೂಡಿ. ಇಸ್ತ್ರಿ ಹಾಕಿ, ತೆರೆದ ಬದಿಯ ಅಂಚನ್ನು ಒಳಗೆ ಮಡಚಿ, ನಡುವೆ ನೂಲಿನ ಒಂದು ಕುಚ್ಚನ್ನು ಇಟ್ಟು ಕೈಹೊಲಿಗೆಯಿಂದ ಮುಚ್ಚಿ. ಮಣಿ, ಗುಂಡಿ ಬೇಡ, ಹಾಳೆಯಲ್ಲಿ ಅಚ್ಚು ಬೀಳುತ್ತದೆ. ಗುಂಡುಸೂಜಿಯಂತೂ ಬೇಡವೇ ಬೇಡ, ತುಕ್ಕು ಹಿಡಿಯುತ್ತದೆ.

ಕುಚ್ಚಿನ ನೂಲು ನೀಲಿಯಾಗಿದ್ದರೆ ಒಳ್ಳೆಯದು. ಸಂಖ್ಯಾಕಾಂಡದ ಹದಿನೈದನೆಯ ಅಧ್ಯಾಯದಲ್ಲಿ, ಇಸ್ರಯೇಲರು ಉಡುಪಿನ ಅಂಚುಗಳಿಗೆ ಕುಚ್ಚು ಕಟ್ಟಿ ಅದರಲ್ಲಿ ನೀಲಿ ದಾರ ಸೇರಿಸಬೇಕೆಂದು ದೇವರು ಮೋಶೆಗೆ ತಿಳಿಸಿದರು. ಅದನ್ನು ನೋಡಿದಾಗಲೆಲ್ಲ ದೇವರ ಆಜ್ಞೆಗಳು ನೆನಪಾಗಬೇಕು. ಮನುಷ್ಯನ ಮರೆವನ್ನು ಬಲ್ಲ ದೇವರು ಒಂದು ಎಳೆ ನೂಲನ್ನು ಸಹಾಯಕ್ಕೆ ಕರೆದರು.

ಕೊನೆಯದಾಗಿ ನನ್ನನ್ನೂ ಸೇರಿಸಿ ಒಂದು ಆತ್ಮಪರೀಕ್ಷೆ. ನನ್ನ ಪ್ರಾರ್ಥನಾ ಪುಸ್ತಕದಲ್ಲಿ ಬಣ್ಣಬಣ್ಣದ ರಿಬ್ಬನ್‌ಗಳಿವೆ. ಅವು ದಿನವೂ ತಪ್ಪದೆ ಮುಂದೆ ಸರಿಯುತ್ತವೆ. ಆದರೆ ನಾನು ಸರಿದಿದ್ದೇನೆಯೇ? ಕಳೆದ ವರ್ಷ ಯಾರ ಮೇಲೆ ಕೋಪವಿತ್ತೋ ಆ ಪುಟದಲ್ಲೇ ಇನ್ನೂ ಇದ್ದೇನೆಯೇ? ನೀವೂ ಕೇಳಿಕೊಳ್ಳಿ. ಅಣ್ಣತಮ್ಮಂದಿರ ಜಾಗದ ಜಗಳದ ಪುಟದಲ್ಲಿ ಎಷ್ಟು ವರ್ಷದಿಂದ ನಿಂತಿದ್ದೀರಿ? ಪಾಪನಿವೇದನೆಯ ಪುಟವನ್ನು ಮುಚ್ಚಿ ಎಷ್ಟು ಪಾಸ್ಖ ಹಬ್ಬಗಳು ಕಳೆದವು? ಯಾರೋ ಆಡಿದ ಒಂದು ಮಾತಿಗೆ ನೊಂದು ದೇವಾಲಯಕ್ಕೆ ಬರುವುದನ್ನೇ ಬಿಟ್ಟ ನೆರೆಯವರು ನಿಮ್ಮ ಬೀದಿಯಲ್ಲಿ ಇದ್ದಾರೆಯೇ? ಆ ಮಾತನ್ನಾಡಿದವರು ನನ್ನಂಥ ಒಬ್ಬ ಗುರುವೂ ಆಗಿರಬಹುದು.

ಈ ವಾರ ಎರಡು ಪುಟಗುರುತುಗಳನ್ನು ಮಾಡಿ. ಒಂದು ನಿಮ್ಮ ಮನೆಯ ಬೈಬಲಿಗೆ. ಅದು ದಿನಕ್ಕೆ ಅರ್ಧ ಪುಟವಾದರೂ ಸರಿಯಲಿ. ಇನ್ನೊಂದನ್ನು, ಎಲ್ಲೋ ನಿಂತುಹೋಗಿರುವ ಒಬ್ಬರಿಗೆ ಕೊಟ್ಟು ಬನ್ನಿ. ಉಪದೇಶ ಮಾಡಬೇಡಿ, ಏಕೆ ನಿಂತಿರಿ ಎಂದೂ ಕೇಳಬೇಡಿ. ಅವರು ಬಯಸಿದರೆ ಪಕ್ಕದಲ್ಲಿ ಕುಳಿತು, ಅವರು ನಿಲ್ಲಿಸಿದ ಕಡೆಯಿಂದ ಜೊತೆಗೆ ಓದಿ.

ಪ್ರಾರ್ಥಿಸೋಣ: ತುಂಡುಗಳನ್ನು ಒಟ್ಟುಗೂಡಿಸುವ ಪ್ರಭುವೇ, ನಮ್ಮ ಹರಿದ ದಿನಗಳಲ್ಲಿ ಒಂದನ್ನೂ ನೀವು ಎಸೆಯುವುದಿಲ್ಲ. ನಾವು ನಿಂತ ಪುಟ ನಿಮಗೆ ಗೊತ್ತು. ನಮ್ಮ ಪಕ್ಕದಲ್ಲಿ ಕುಳಿತು ಮುಂದಿನ ವಾಕ್ಯವನ್ನು ನಮ್ಮೊಡನೆ ಓದಿರಿ. ನಮಗಿಂತ ಮುಂಚೆ ಓದಿ ಮುಗಿಸಿದವರನ್ನು ನಿಮ್ಮ ಬೆಳಕಿನಲ್ಲಿ ಇರಿಸಿಕೊಳ್ಳಿರಿ. ಆಮೆನ್.